ವಿಮಾನ ಹತ್ತದ ಮಾಮಾ

ನಮ್ಮ ಮಾಮಾನಿಗೆ, ಅಂದರೆ ನನ್ನ ತಾಯಿಯ ತಮ್ಮನಿಗೆ, ಜಗತ್ತಿನ ಯಾವ ವಿಮಾನ ನಿಲ್ದಾಣದಿಂದ ಯಾವುದಕ್ಕೆ ಎಷ್ಟು ತಾಸಿನ ದಾರಿ ಎಂಬುದು ಬಾಯಿಪಾಠ. ಗೊತ್ತಿಲ್ಲದಿರುವುದು ಒಂದೇ, ವಿಮಾನದ ಒಳಗೆ ಹೇಗಿರುತ್ತದೆ ಎಂಬುದು! ಯಾಕೆಂದರೆ ಅವರು ಇಂದಿನವರೆಗೂ ವಿಮಾನ ಹತ್ತಿಲ್ಲ. ಕೇಳಿದರೆ ಉತ್ತರ ಸಿದ್ಧ: “ಹತ್ತಿದ್ರ ಖಿಡಕ್ಯಾಗ ನೋಡ್ಕೋತ ಕೂಡ್ತೀವಿ. ದೂರದ ಲೆಕ್ಕಾ ಯಾವಾಗ ಮಾಡೂದು?”

ಮರಾಠಿ ನಾಡಿನ ಧನಕವಡಿಯಲ್ಲಿರುವ ಅವರ ಮನೆಗೆ ಯಾರೇ ಬರಲಿ, ಚಹಾ ಮುಗಿಯುವ ಮೊದಲೇ ಪರೀಕ್ಷೆ ಶುರು. ಒಮ್ಮೆ ಬೆಳಗಾವಿಯಿಂದ ಬಂದ ಬೀಗರು ಸಿಕ್ಕಿಬಿದ್ದರು.

“ಸಿಡ್ನಿಯಿಂದ ಸಾಂತಿಯಾಗೋ ಎಷ್ಟು ದೂರ, ಹೇಳ್ರಿ ನೋಡೂಣು?”

ಸಾಂತಿಯಾಗೋ ಎಂಬುದು ಊರೋ ತಿಂಡಿಯೋ ತಿಳಿಯದೆ ಬೀಗರು ಕಣ್ಣು ಪಿಳಿಪಿಳಿ ಬಿಟ್ಟರು.

“ಹನ್ನೊಂದು ಸಾವಿರ ಕಿಲೋಮೀಟರಿನ ಮ್ಯಾಲರಿ! ಹನ್ನೆರಡು-ಹದಿಮೂರು ತಾಸು ಬರೇ ಸಮುದ್ರ!”

“ಅದಿರ್ಲಿರಿ, ಇಲ್ಲಿಂದ ಸ್ವಾರಗೇಟಿಗೆ ಯಾವ ಬಸ್ಸು ಹೋಗ್ತದ?”

ಮಾಮಾ ಅಡುಗೆಮನೆಯ ಕಡೆ ತಿರುಗಿ, “ಏ, ಕೇಳಿದೇನ? ಸ್ವಾರಗೇಟಿಗೆ ಯಾವ ಬಸ್ಸು?” ಎಂದು ಕೂಗಿದರು. ಮಾಮಿಯೇ ಬಂದು ಹೇಳಬೇಕಾಯಿತು.

ಇನ್ನೊಮ್ಮೆ ಶಿರೂರಿನಲ್ಲಿ ಮದುವೆ. ನಮ್ಮ ಗಾಡಿ ನಗರ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಮಾಮಾ ಗಡಿಯಾರ ನೋಡಿ ಖುಷಿಯಿಂದಲೇ ಘೋಷಿಸಿದರು: “ಈ ಹೊತ್ತಿಗೆ ದುಬೈ ಮುಟ್ಟಿರ್ತಿದ್ವಿ!”

ಹಸಿದಿದ್ದ ಮಾಮಿ ಬಿಡುತ್ತಾರೆಯೇ? “ದುಬೈನಾಗ ನಮಗ ಯಾರು ಎಲಿ ಹಾಕಿರ್ತಾರ್ರಿ? ಶಿರೂರಿನಾಗ ಪಂಕ್ತಿ ಏಳಲಿಕ್ಕೆ ಹತ್ತಿರ್ತದ!”

ಹೋದ ವರ್ಷ ಅದೇ ಮಾಮಿಗೆ ಹೃದಯದ ಆಪರೇಶನ್ ಆಯಿತು. ಐದಾರು ತಾಸು ಬೇಕಾಗುತ್ತದೆ ಎಂದು ಹೇಳಿ ಡಾಕ್ಟರು ಒಳಗೆ ಹೋದರು. ಮಾಮಾ ನನ್ನ ಪಕ್ಕ ಬೆಂಚಿನ ಮೇಲೆ ಕೂತು, “ಅಂದ್ರ ಮುಂಬೈಯಿಂದ ಸಿಂಗಾಪುರ” ಎಂದರು. ನನಗೆ ಸಿಟ್ಟೇ ಬಂತು. ಇಂಥ ಹೊತ್ತಿನಲ್ಲೂ ಇದೇ ಹುಚ್ಚೇ!

ಅವರು ನಿಲ್ಲಿಸಲಿಲ್ಲ. “ಈಗ ಬಂಗಾಳ ಉಪಸಾಗರದ ಮ್ಯಾಲ ಅದಾಳ.” ಸ್ವಲ್ಪ ಹೊತ್ತಿನ ಮೇಲೆ, “ಅಂಡಮಾನ ದಾಟಿರಬೇಕು.” ನಾನು ಚಹಾ ತಂದುಕೊಟ್ಟೆ. ಅದು ಕೈಯಲ್ಲೇ ಆರಿತು.

ಸಿಂಗಾಪುರದ ಹೊತ್ತು ಬಂತು, ಹೋಯಿತು. ಬಾಗಿಲು ತೆರೆಯಲಿಲ್ಲ. ಮಾಮಾ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

“ರನ್‌ವೇ ಖಾಲಿ ಇರಲಿಕ್ಕಿಲ್ಲಪಾ. ಮ್ಯಾಲ ಸುತ್ತು ಹೊಡೀಲಿಕ್ಕೆ ಹತ್ಯಾಳ.” ಆಮೇಲೆ ನನ್ನ ತೋಳು ಹಿಡಿದು ಕೇಳಿದರು: “ಇಳೀತಾಳಲ್ಲೋ?”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. “ಇಳೀತಾರ, ಮಾಮಾ” ಎಂದೆ. ನನಗೇನು ಗೊತ್ತಿತ್ತು?

ಕೊನೆಗೆ ಡಾಕ್ಟರು ಹೊರಗೆ ಬಂದು, ಎಲ್ಲ ಸುಸೂತ್ರವಾಯಿತು ಎಂದು ಮರಾಠಿಯಲ್ಲಿ ಹೇಳಿದರು. ಮರುದಿನ ಮಾಮಿಗೆ ಎಚ್ಚರವಾಯಿತು. ಪಕ್ಕದಲ್ಲಿ ಕೂತ ಗಂಡನನ್ನು ಗುರುತಿಸಿ, ಮೆಲ್ಲಗೆ ಕೇಳಿದರು: “ಭಾಳ ಹೊತ್ತು ಹಿಡೀತೇನ್ರಿ?”

ಮಾಮಾ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಎಷ್ಟು ಹೊತ್ತಾತೋ, ನನಗೇನೂ ತಿಳೀಲಿಲ್ಲ ನೋಡು” ಎಂದರು.