ಶಾಕೀರ್ ಮೇಷ್ಟ್ರ ಶಿಲಾವಾಣಿ

ಕಬ್ಬಿಣದ ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಒಂದು ಕಡೆ ಸುಮ್ಮನೆ ಕೂತ ಗಂಡಸು ಕಾಣಲು ಸಿಗುತ್ತಿರಲಿಲ್ಲ. ನಿನ್ನೆಯವರೆಗೆ ಸೈಕಲ್ ಪಂಕ್ಚರ್ ಹಾಕುತ್ತಿದ್ದವನು ಇವತ್ತು ಬಿಳಿ ಜೀಪಿನಲ್ಲಿ ಕೂತು ಎರಡು ಕಿವಿಗೂ ಒಂದೊಂದು ಮೊಬೈಲ್ ಹಿಡಿದಿರುತ್ತಿದ್ದ. ಅದಿರಿನ ಲಾರಿಗಳು ಓಡಾಡಿ ಓಡಾಡಿ, ಬೆಳಿಗ್ಗೆ ಹೊರಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕಾವಿಯಾಗಿ ಒಳಗೆ ಬರುತ್ತಿತ್ತು. (ಹಾಗೆಂದು ಊರಿನಲ್ಲಿ ಯಾರಿಗೂ ವೈರಾಗ್ಯ ಬಂದಿರಲಿಲ್ಲ.)

ಇಂಥ ಊರಿನಲ್ಲಿ ಶಾಕೀರ್ ಮೇಷ್ಟ್ರು ಹೈಸ್ಕೂಲು ಮಕ್ಕಳಿಗೆ ಶಿಲಾಯುಗದ ಪಾಠ ಹೇಳಿಕೊಂಡಿದ್ದರು. ಊರೆಲ್ಲ ಕಲ್ಲಿನಿಂದಲೇ ಮೇಲೆ ಬರುತ್ತಿರುವಾಗ ತಾವು ಮಾತ್ರ ಕಲ್ಲಿನ ಪಾಠ ಹೇಳುತ್ತ ಇದ್ದಲ್ಲೇ ಇದ್ದೇವೆ ಎಂಬುದು ಅವರನ್ನು ಚುಚ್ಚುತ್ತಿತ್ತು. ಅವರ ಹೆಂಡತಿ ಮಾಸುಮಾಬಿಯ ತಮ್ಮ ಫಾರೂಕ್ ಸಿರುಗುಪ್ಪದವನು. ಹತ್ತನೇ ಇಯತ್ತೆಯಲ್ಲಿ ಇತಿಹಾಸಕ್ಕೇ ಡುಮ್ಕಿ ಹೊಡೆದವನು ಈಗ ಟಿಪ್ಪರ್ ಇಟ್ಟುಕೊಂಡಿದ್ದ. ಮನೆಗೆ ಬಂದಾಗಲೆಲ್ಲ, "ಭಾವಾ, ಇನ್ನಾ ಅದೇ ಕಲ್ಲಿನ ಪಾಠಾನ ಏನ್ರಿ?" ಎಂದು ಕೇಳುತ್ತಿದ್ದ. ಕೇಳುತ್ತಿದ್ದುದು ಪ್ರೀತಿಯಿಂದಲೇ. ಅದೇ ಹೆಚ್ಚು ಉರಿಯುತ್ತಿತ್ತು.

ಮೇಷ್ಟ್ರಿಗೆ ಟಿಪ್ಪರ್ ಬೇಕಿರಲಿಲ್ಲ, ಹೆಸರು ಬೇಕಿತ್ತು. ಪತ್ರಿಕೆಗಳಿಗೆ ಲೇಖನ ಕಳಿಸುತ್ತಿದ್ದರು. ಅವು ಹೋದಷ್ಟೇ ಚುರುಕಾಗಿ ಮರಳಿ ಬರುತ್ತಿದ್ದವು. ಕೊನೆಗೆ ಒಂದು ಸಂಜೆ, ಬಿ.ಕಾಂ. ಓದುತ್ತಿದ್ದ ಮಗಳು ನಿಶಾತ್ ದಾರಿ ತೋರಿಸಿದಳು.

"ಅಬ್ಬಾ, ಬ್ಲಾಗ್ ಅಂತ ಒಂದೈತಿ. ನಾವೇ ಬರದು ನಾವೇ ಇಂಟರ್‌ನೆಟ್ಟಿನಾಗ ಹಾಕಬೋದು. ಇಡೀ ದುನಿಯಾ ಓದತೈತಿ."

"ಸಂಪಾದಕರು?"

"ಯಾರೂ ಇರಂಗಿಲ್ಲ."

"ವಾಪಸ್ ಕಳಸೋರು?"

"ಅವರೂ ಇರಂಗಿಲ್ಲ."

ಮೇಷ್ಟ್ರು ಕೂತಲ್ಲಿಂದ ಎದ್ದು ನಿಂತರು. ಅಡುಗೆಮನೆಯಿಂದ ಮಾಸುಮಾಬಿಯ ದನಿ ಬಂತು. "ಓದೋರು ಇರ್ತಾರೇನು, ಅದನ್ನ ಮೊದಲು ಕೇಳ್ರಿ."

ಇಂಥ ಪ್ರಶ್ನೆಗಳಿಗೆ ಇತಿಹಾಸ ಉತ್ತರ ಕೊಡುವುದಿಲ್ಲ. ಬ್ಲಾಗಿಗೆ 'ಶಿಲಾವಾಣಿ' ಎಂದು ನಾಮಕರಣವಾಯಿತು. ಮೇಷ್ಟ್ರು ಮೊದಲ ದಿನ ತಾವೇ ಬ್ರೂಸ್‌ಪೇಟೆಯ ನೆಟ್ ಸೆಂಟರಿಗೆ ಹೋದರು. ಪರದೆ ಸರಿಸಿ ಒಳಗೆ ಕೂರುವಷ್ಟರಲ್ಲಿ, ಪಕ್ಕದ ಗೂಡಿನಲ್ಲಿ ಅವರದೇ ತರಗತಿಯ ಇಬ್ಬರು ಹುಡುಗರು ಕೂತಿದ್ದರು. ಇಬ್ಬರೂ ಜ್ವರವೆಂದು ಅವತ್ತು ರಜೆ ಹಾಕಿದವರು. ಅವರು ಮೇಷ್ಟ್ರನ್ನು ನೋಡಿ ಬೆವರಿದರು. ಮೇಷ್ಟ್ರು ತಾವು ನೆಟ್ ಸೆಂಟರಿನಲ್ಲಿ ಸಿಕ್ಕಿಬಿದ್ದೆವೆಂದು ಅವರಿಗಿಂತ ಹೆಚ್ಚು ಬೆವರಿ, ಹಾಗೇ ಹಿಂದೆ ಸರಿದು ಮನೆಗೆ ಬಂದುಬಿಟ್ಟರು.

ಅಂದಿನಿಂದ ಒಂದು ಏರ್ಪಾಡಾಯಿತು. ಮೇಷ್ಟ್ರು ಮನೆಯಲ್ಲಿ ಕೂತು ಕಾಗದದ ಮೇಲೆ ಬರೆಯುವುದು. ನಿಶಾತ್ ನೆಟ್ ಸೆಂಟರಿನಲ್ಲಿ ಅದನ್ನು ಟೈಪು ಮಾಡಿ ಹಾಕುವುದು. ಹುಡುಗಿ ಒಬ್ಬಳೇ ಹೋಗಬಾರದೆಂದು ಮಾಸುಮಾಬಿ ಜೊತೆಗೆ ಹೋಗುವುದು, ಬರುವಾಗ ಕಾಯಿಪಲ್ಲೆ ತರುವುದು. ಪ್ರಕಟವಾದದ್ದನ್ನು ಮೇಷ್ಟ್ರು ಶಾಲೆಯ ಹೆಡ್‌ಮಾಸ್ತರ ಕೋಣೆಯ ಕಂಪ್ಯೂಟರಿನಲ್ಲಿ ದರ್ಶನ ಮಾಡುವುದು. ದರ್ಶನವೆಂದೇ ಹೇಳಬೇಕು, ಓದಲು ಆಗುತ್ತಿರಲಿಲ್ಲ. ಆ ಹಳೆಯ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಒಂದೊಂದು ಅಕ್ಷರದ ಜಾಗದಲ್ಲೂ ಒಂದೊಂದು ಖಾಲಿ ಡಬ್ಬಿ ಕಾಣುತ್ತಿತ್ತು. ಮೇಷ್ಟ್ರು ಆ ಡಬ್ಬಿಗಳ ಸಾಲನ್ನೇ ನೋಡಿ, ಇದು ಉಪೋದ್ಘಾತ, ಇದು ಉಪಸಂಹಾರ ಎಂದು ಅಂದಾಜಿನಲ್ಲಿ ಸಂತೋಷಪಡುತ್ತಿದ್ದರು. ಓದುಗರ ಅಭಿಪ್ರಾಯಗಳೇನಾದರೂ ಇಂಗ್ಲಿಷ್ ಅಕ್ಷರದಲ್ಲಿ ಬಂದರೆ ಅವು ಮಾತ್ರ ಕಾಣುತ್ತಿದ್ದವು.

ಆದರೆ ಅಭಿಪ್ರಾಯಗಳೇ ಬರಲಿಲ್ಲ. 'ಕಲ್ಲುಕೊಡಲಿ: ಒಂದು ಅವಲೋಕನ' ಎಂಬ ಲೇಖನಕ್ಕೆ ಸೊನ್ನೆ. 'ಕಲ್ಲುಕೊಡಲಿ: ಪುನರವಲೋಕನ' ಎಂಬುದಕ್ಕೂ ಸೊನ್ನೆ. ಮೇಷ್ಟ್ರಿಗೆ ನಿಂತಲ್ಲಿ ನಿಲ್ಲಲಾಗದ ರೋಗ ಹತ್ತಿತು. ಮಕ್ಕಳಿಗೆ ಬರೆಯಲು ಕೊಟ್ಟು ಹೆಡ್‌ಮಾಸ್ತರ ಕೋಣೆಗೆ ಓಡುವರು, ಸೊನ್ನೆ ನೋಡಿ ವಾಪಸಾಗುವರು, ಎರಡು ಸಾಲು ಪಾಠ ಹೇಳಿ ಮತ್ತೆ ಓಡುವರು. ಹೆಡ್‌ಮಾಸ್ತರ್ ಹಾಲಸಿದ್ದಪ್ಪನವರು ಒಂದು ದಿನ ಕನ್ನಡಕ ಇಳಿಸಿ ಕೇಳಿದರು. "ಯಾಕ್ರಿ ಶಾಕೀರ್, ಹೊಟ್ಟಿ ಸರಿ ಇಲ್ಲೇನು? ಪಿರಿಯಡ್ಡಿನಾಗ ಎಷ್ಟು ಸಲ ಎದ್ದು ಬರ್ತೀರಿ. ಮಜ್ಜಿಗಿ ಕುಡೀರಿ."

ಮನೆಯಲ್ಲೂ ಅದೇ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ತಟ್ಟೆಯ ಮುಂದೆ ಕೂತರೆ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿರುವರು.

"ಒಂದು ಕಡೆ ಕುಂದರ್ರಿ. ನಿಮ್ಮನ್ನ ನೋಡಿ ಹಿತ್ತಲದಾಗ ಕೋಳಿ ಸುದ್ದಾ ಗಾಬರಿ ಆಗ್ಯಾವ," ಎಂದಳು ಮಾಸುಮಾಬಿ.

"ಜಗತ್ತು ನನ್ನ ಮಾತಿಗೆ ಕಿವಿ ಕೊಡವಲ್ದು, ನಿನಗ ಕೋಳಿ ಚಿಂತಿ."

"ಕೋಳಿ ತತ್ತಿ ಇಡತಾವ್ರಿ. ಜಗತ್ತು ಏನು ಇಡತೈತಿ?"

ಮೇಷ್ಟ್ರು ಈ ಮಾತನ್ನು ಅಲಕ್ಷಿಸಿ, 'ಸಂಗನಕಲ್ಲಿನ ಆದಿಮಾನವನ ಆರ್ಥಿಕ ಜೀವನ' ಎಂಬ ಭರ್ಜರಿ ಲೇಖನ ಬರೆದು ಮಗಳ ಕೈಗೆ ಕೊಟ್ಟರು. ತಾಯಿ ಮಗಳು ಅವತ್ತು ನೆಟ್ ಸೆಂಟರಿನಿಂದ ತಡವಾಗಿ ಬಂದರು. ಕಾಯಿಪಲ್ಲೆ ತರುವುದನ್ನೇ ಮರೆತಿದ್ದರು.

ಅದಾಗಿ ಎರಡು ದಿನಕ್ಕೆ ಪವಾಡ ನಡೆಯಿತು. ಡಬ್ಬಿಗಳ ಸಾಲಿನ ಕೆಳಗೆ ಇಂಗ್ಲಿಷ್ ಅಕ್ಷರದ ಅಭಿಪ್ರಾಯಗಳು ಇರುವೆಗಳಂತೆ ಹತ್ತಿದ್ದವು. ದುಬೈನಿಂದ ಒಬ್ಬ ಬರೆದಿದ್ದ: 'ಸಾರ್ ಸೂಪರ್. ನಕ್ಕು ನಕ್ಕು ಹೊಟ್ಟಿ ಹುಣ್ಣಾತು.' ಮೇಷ್ಟ್ರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಜ್ಞಾನ ಹಠಾತ್ತನೆ ದೊರಕಿದಾಗ ಮನುಷ್ಯನಿಗೆ ನಗು ಬರುವುದುಂಟು ಎಂದು ತೀರ್ಮಾನಿಸಿದರು. ಇನ್ನೊಬ್ಬ: 'ಚೀಲ ಹೊತ್ತಾವನ ಪಾಡು ಓದಿ ಕಣ್ಣಾಗ ನೀರು ಬಂತು.' ಆದಿಮಾನವನ ಚರ್ಮದ ಚೀಲದ ಬಗ್ಗೆ ಒಂದೇ ಸಾಲು ಬರೆದಿದ್ದ ನೆನಪು. ಅಷ್ಟು ಸೂಕ್ಷ್ಮವಾಗಿ ಓದುವವರಿದ್ದಾರಲ್ಲ ಎಂದು ಮೇಷ್ಟ್ರ ಕಣ್ಣಲ್ಲೂ ನೀರು ಬಂತು. ಮೂರನೆಯವನು: 'ಹೆಂಡ್ತಿನ್ನ ಒಂದು ಮಾತು ಕೇಳಿದ್ರ ಹಿಂಗಾಗ್ತಿರಲಿಲ್ಲ.' ಇದು ಪ್ರಾಚೀನ ಮಾತೃಪ್ರಧಾನ ಸಮಾಜದ ಕುರಿತ ಗಂಭೀರ ಚರ್ಚೆಯೆಂದು ಅವರಿಗೆ ತಕ್ಷಣ ಹೊಳೆಯಿತು.

ಮನೆಗೆ ಬಂದು ಮಗಳನ್ನು ಕೇಳಿದರು. "ನಾ ಬರದದ್ದನ್ನ ಹಂಗೇ ಹಾಕೀಯಿಲ್ಲ?"

"ನಿಮ್ಮ ಹಾಳಿ ಎದುರಿಗೆ ಇಟ್ಕೊಂಡೇ ಟೈಪ್ ಮಾಡೀವಿ ಅಬ್ಬಾ," ಎಂದು ನಿಶಾತ್ ತಾಯಿಯ ಕಡೆ ನೋಡಿದಳು. ತಾಯಿ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಮಾಡೀವಿ ಎಂಬ ಬಹುವಚನವನ್ನು ಮೇಷ್ಟ್ರು ಗಮನಿಸಲಿಲ್ಲ.

ಆಮೇಲಿನ ದಿನಗಳಲ್ಲಿ ಅವರನ್ನು ಹಿಡಿಯುವವರೇ ಇಲ್ಲ. ರಾತ್ರಿಯೂಟಕ್ಕೆ ಎರಡು ರೊಟ್ಟಿ ಹೆಚ್ಚಾದವು. ಬರೆಯುವ ವೇಗವೂ ಹೆಚ್ಚಿತು. ಮೂಳೆಯ ಸೂಜಿ, ಬೂದಿದಿಬ್ಬ, ಕುಟ್ಟುವ ಕಲ್ಲು, ಯಾವುದರ ಮೇಲೆ ಬರೆದರೂ ಜನ ನಗುತ್ತಲೇ ಇದ್ದರು. ಆದರೂ ಚಡಪಡಿಕೆ ನಿಲ್ಲಲಿಲ್ಲ. ಮೊದಲು ಸೊನ್ನೆ ನೋಡಲು ಓಡುತ್ತಿದ್ದವರು ಈಗ ಸಂಖ್ಯೆ ನೋಡಲು ಓಡತೊಡಗಿದರು. ಹಾಲಸಿದ್ದಪ್ಪನವರು ಕೋಣೆಗೆ ಬೀಗ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ಅಷ್ಟರಲ್ಲಿ ಸಿರುಗುಪ್ಪದಿಂದ ಫೋನು ಬಂತು. ಅಕ್ಕಿ ಗಿರಣಿಯ ಮಾಲೀಕ ತಿಪ್ಪೇರುದ್ರಪ್ಪನವರು ಅಲ್ಲಿಯ ಗೆಳೆಯರ ಬಳಗದ ಅಧ್ಯಕ್ಷರು. ಬಳಗದ ವಾರ್ಷಿಕೋತ್ಸವಕ್ಕೆ ಶಿಲಾವಾಣಿಯ ಲೇಖಕರೇ ಮುಖ್ಯ ಅತಿಥಿಗಳಾಗಿ ಬರಬೇಕು, ಮನೆಮಂದಿಯನ್ನೂ ಕರೆತರಬೇಕು ಎಂದರು.

ಮಾಸುಮಾಬಿಯ ಮುಖ ಸಣ್ಣದಾಯಿತು. "ಹೋಗದು ಬ್ಯಾಡ್ರಿ. ಬಸ್ಸಿನಾಗ ಧೂಳು. ನಿಮಗ ಕೆಮ್ಮು ಬೇರೆ."

"ನಿನ್ನ ತವರುಮನಿ ಊರಾಗ ನನಗ ಶಾಲು ಹೊದಸ್ತಾರ. ಕೆಮ್ಮಿದರೂ ಅಲ್ಲೇ ಕೆಮ್ಮತೀನಿ."

ಭಾನುವಾರ ಸಂಜೆ, ಭತ್ತ ಒಣಹಾಕುವ ಗಿರಣಿಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಫಾರೂಕ್, ಅವನ ಪಕ್ಕದಲ್ಲಿ ಮೇಷ್ಟ್ರ ಮಾವ ಉಸ್ಮಾನಸಾಬ್. ಅವರು ಕುರುಗೋಡಿನ ಹೊಲದ ಕೆಲಸ ಬಿಟ್ಟು ಅಳಿಯನ ಸನ್ಮಾನ ನೋಡಲೆಂದೇ ಬಂದಿದ್ದರು. ಹೆಂಗಸರ ಸಾಲಿನಲ್ಲಿ ಮಾಸುಮಾಬಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ಮೇಷ್ಟ್ರು ಜೇಬಿನಲ್ಲಿದ್ದ ಭಾಷಣವನ್ನು ಪದೇ ಪದೇ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ತಿಪ್ಪೇರುದ್ರಪ್ಪ ಎದ್ದು ನಿಂತರು. "ನಮ್ಮ ಸೀಮಿ ಜನ ಎಲ್ಲಾರೂ ಈಗ ಅದಿರು ಅದಿರು ಅಂತ ತಲಿ ಕೆಟ್ಟು ಓಡಾಕ ಹತ್ತೀವಿ. ಹಿಂಗ ಓಡಿ ಬಿದ್ದಿದ್ದನ್ನ ತಾನೇ ಬರಕೊಂಡು ನಗಸೋ ಧೈರ್ಯ ಯಾರಿಗೈತಿ ಹೇಳ್ರಿ. ಒಂದೀಟು ಓದತೀನಿ." ಜೇಬಿನಿಂದ ಮುದ್ರಿಸಿದ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು ಓದತೊಡಗಿದರು.

"'ಶಾಲೆಯ ಅಯಸ್ಕಾಂತಕ್ಕೆ ದಾರ ಕಟ್ಟಿಕೊಂಡು ನಾನು ಕುರುಗೋಡಿನ ನನ್ನ ಮಾವನ ಹೊಲಕ್ಕೆ ಇಳಿದೆ. ಕೇಳಿದವರಿಗೆಲ್ಲ ಆದಿಮಾನವನ ಕೊಡಲಿ ಹುಡುಕುತ್ತಿದ್ದೇನೆ ಎಂದೆ. ಹುಡುಕುತ್ತಿದ್ದುದು ಕಬ್ಬಿಣದ ಅದಿರು...'"

ಮೇಷ್ಟ್ರ ಬೆನ್ನು ಕುರ್ಚಿಗೆ ಅಂಟಿತು. ಇದು ನಡೆದದ್ದು ಹೋದ ಬೇಸಿಗೆಯಲ್ಲಿ. ಇದು ಜಗತ್ತಿನಲ್ಲಿ ತಮ್ಮೊಬ್ಬರಿಗೇ ಗೊತ್ತೆಂದು ಅವರು ನಂಬಿದ್ದರು. ತಿಪ್ಪೇರುದ್ರಪ್ಪ ಓದುತ್ತಲೇ ಹೋದರು. ಅಯಸ್ಕಾಂತಕ್ಕೆ ಮೊದಲು ಎತ್ತಿನ ಲಾಳದ ಮೊಳೆ ಹತ್ತಿದ್ದು, ಆಮೇಲೆ ಸೋಡಾ ಬಾಟಲಿಯ ಮುಚ್ಚಳ ಹತ್ತಿದ್ದು. ಕೊನೆಗೆ ಬದುವಿನ ಹತ್ತಿರ ಕೆಂಪು ಗಡ್ಡೆಗಳು ಸಿಕ್ಕಿದ್ದು, ಅಯಸ್ಕಾಂತ ಅವಕ್ಕೆ ಮೆಲ್ಲಗೆ ವಾಲಿದ್ದು. ತಾವು ಅವನ್ನು ಗೋಣಿಚೀಲಕ್ಕೆ ತುಂಬಿ, ಮೊದಲ ಬಸ್ಸಿನಲ್ಲಿ ಬಳ್ಳಾರಿಗೆ ಹೊತ್ತುತಂದು ಮಂಚದ ಕೆಳಗಿಟ್ಟಿದ್ದು. ಬ್ರೂಸ್‌ಪೇಟೆಯ ಹಳೇ ಕಬ್ಬಿಣದ ಅಂಗಡಿಯವನಿಗೆ ಒಂದು ಗಡ್ಡೆ ಒಯ್ದು ತೋರಿಸಿದ್ದು. ಅವನು ಅದನ್ನು ಮೂಸಿ ನೋಡಿ, 'ಸಾರ್, ಇದು ಸುಟ್ಟ ಇಟ್ಟಿಗಿ,' ಎಂದಿದ್ದು.

"'ಅಲ್ಲಿ ನಮ್ಮಪ್ಪನ ಕಾಲದಾಗ ಇಟ್ಟಿಗಿ ಭಟ್ಟಿ ಇತ್ತು ಎಂದು ಮಾವ ಫೋನು ಮಾಡಿ ನನ್ನ ಹೆಂಡತಿಗೆ ಹೇಳಿದರು. ಅಳಿಯಗ ಇಟ್ಟಿಗಿ ಬೇಕಿದ್ರ ಹೊಸಾವೇ ಕಳಸ್ತಿದ್ದೆ ಎಂದರು. ಅವಳು ನನಗೆ ಒಂದು ಮಾತೂ ಹೇಳದೆ, ಒಂದು ಗಡ್ಡೆ ತೊಳೆದು ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕಿಟ್ಟಳು.'"

ಅಂಗಳ ನಗೆಯಿಂದ ಅಲುಗಾಡಿತು. ಫಾರೂಕ್ ಕಣ್ಣೊರೆಸಿಕೊಂಡ. ಉಸ್ಮಾನಸಾಬ್ ಹಲ್ಲಿಲ್ಲದ ಬಾಯಿ ತೆರೆದು ತೊಡೆ ತಟ್ಟಿಕೊಂಡರು. ಮೇಷ್ಟ್ರು ಹೆಂಗಸರ ಸಾಲಿನ ಕಡೆ ನೋಡಿದರು. ಸೆರಗು ಈಗ ಮೂಗಿನವರೆಗೆ ಬಂದಿತ್ತು. ಜೇಬಿನ ಭಾಷಣ ಕೈಗೆ ಬೆಚ್ಚಗೆ ಹತ್ತಿತು. ಅವರಿಗೆ ಎಲ್ಲ ಅರ್ಥವಾಯಿತು. ಕೋಪ ಬಂತು, ನಾಚಿಕೆಯೂ ಬಂತು; ಎರಡರ ನಡುವೆ ಮೈಕಿನಲ್ಲಿ ಅವರ ಹೆಸರು ಕರೆದರು.

ಮೇಷ್ಟ್ರು ಎದ್ದು ಹೋಗಿ ಮೈಕು ಹಿಡಿದರು. ಬೇರೆಯವರು ಬರೆದದ್ದಕ್ಕೆ ತಾವು ಶಾಲು ಹೊದೆಯುವುದು ಅವರ ಜೀವಕ್ಕೆ ಒಗ್ಗಲಿಲ್ಲ. ಇಷ್ಟು ದಿನ ಹೆಸರಿಗಾಗಿ ಒದ್ದಾಡಿದವರು, ಬಂದ ಹೆಸರನ್ನು ಕೈಯಾರೆ ತೆಗೆದುಕೊಡಲು ಮನಸ್ಸು ಗಟ್ಟಿಮಾಡಿದರು.

"ನಾನು ಖರೇ ಹೇಳತೀನಿ," ಎಂದರು. "ಇದರಾಗ ಒಂದಕ್ಷರಾನೂ ನಾ ಬರದಿಲ್ಲ. ಇದನ್ನ ಬರದಾಕಿ ನನ್ನ ಹೆಂಡತಿ."

ಆಗ ಎದ್ದ ನಗೆಗೆ ಶಾಮಿಯಾನದ ಮೇಲೆ ಕೂತಿದ್ದ ಪಾರಿವಾಳಗಳು ಹಾರಿಹೋದವು. "ನೋಡ್ರಿ, ಬಾಯಿ ತೆಗದ್ರ ಹಾಸ್ಯ," ಎಂದು ತಿಪ್ಪೇರುದ್ರಪ್ಪ ಚಪ್ಪಾಳೆ ತಟ್ಟಿದರು.

"ನಗಬ್ಯಾಡ್ರಿ, ದೇವರಾಣಿ ಆಕಿನ," ಎಂದರು ಮೇಷ್ಟ್ರು. ಜನ ಇನ್ನೂ ಜೋರಾಗಿ ನಕ್ಕರು. ಕೊನೆಗೆ ಹತಾಶರಾಗಿ ಜೇಬಿನ ಭಾಷಣ ತೆಗೆದು, "ಕ್ರಿಸ್ತಪೂರ್ವ ಎರಡು ಸಾವಿರದ ಸುಮಾರಿಗೆ," ಎಂದು ಓದತೊಡಗಿದರು. ಮುಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡರು. ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಶಾಲು ಹೊದಿಸಿದರು, ಹೊದಿಸಿಕೊಂಡರು. ಫಾರೂಕ್ ಬಂದು ಅಪ್ಪಿಕೊಂಡು, "ಭಾವಾ, ನೀವು ಇಷ್ಟು ದೊಡ್ಡ ಮನಷ್ಯಾ ಅಂತ ನನಗ ಗೊತ್ತಿರಲಿಲ್ರಿ," ಎಂದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ.

ಬಳ್ಳಾರಿ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಗೆ, ಮಾಸುಮಾಬಿ ಅವರ ಪಕ್ಕಕ್ಕೆ ಕೂತರು. ಬಸ್ಸು ಊರು ದಾಟಿದ ಮೇಲೆ ಹಿಂದಿನ ಸೀಟಿನಿಂದ ನಿಶಾತ್ ಮೆಲ್ಲಗೆ ಹೇಳಿದಳು. "ಸಿಟ್ಟಾಗಬ್ಯಾಡ್ರಿ ಅಬ್ಬಾ. ಮೊದಲನೇವು ನೀವು ಬರದಂಗೇ ಹಾಕಿದ್ವಿ. ಯಾರೂ ಓದಲಿಲ್ಲ. ನೀವು ಊಟ ಬಿಟ್ರಿ. ಅಮ್ಮಿ ನೋಡಾಕ ಆಗದ, ಜನ ಓದೋದು ಒಂದು ಹಾಕೋಣು, ನಿಮ್ಮಪ್ಪ ಒಂದು ಹೊತ್ತರ ನೆಟ್ಟಗ ಉಣ್ಣಲಿ ಅಂದ್ಲು. ಹೊಲದ ಕತಿ ಅಜ್ಜ ಹೇಳಿದ್ರು, ಗಡ್ಡಿ ಕತಿ ಅಂಗಡಿಯಾಂವ ಹೇಳಿದ್ದ. ಆಕಿ ಹೇಳಿದ್ಲು, ನಾನು ಟೈಪ್ ಮಾಡ್ದೆ."

ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಕಾಲುವೆಯ ನೀರಿನ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಸಿಟ್ಟು ಎಲ್ಲಿಗೆ ಹೋಯಿತೋ ಅವರಿಗೇ ತಿಳಿಯಲಿಲ್ಲ. ಆದರೂ ಗಂಡನೆಂಬ ಹುದ್ದೆಯ ಮರ್ಯಾದೆಗಾಗಿ ಗತ್ತಿನಿಂದ ಕೇಳಿದರು.

"ಬ್ಲಾಗಿನ ಪಾಸ್‌ವರ್ಡ್ ಹೇಳು. ನಾಳೆನ ಅದನ್ನ ಮುಚ್ಚತೀನಿ."

"ಅದನ್ನ ಅಮ್ಮಿ ಬದಲಿ ಮಾಡ್ಯಾಳ," ಎಂದಳು ನಿಶಾತ್.

ಮಾಸುಮಾಬಿ ಸೆರಗು ಸರಿಮಾಡಿಕೊಂಡು ನೇರ ನೋಡುತ್ತ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಮೇಷ್ಟ್ರೇ ಸೋತು ಕೇಳಿದರು. "ಮುಂದಿನ ಸಲ ಏನು ಬರೀತಿ?"

"ನನಗೇನು ಗೊತ್ತ್ರಿ," ಎಂದಳು ಅವಳು. "ನೀವು ಏನು ಮಾಡ್ತೀರೋ ಅದು."

ಮೇಷ್ಟ್ರು ಥಟ್ಟನೆ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. ಕೆಮ್ಮು ಬಂತು, ನುಂಗಿಕೊಂಡರು. ಹೆಗಲಿನ ಶಾಲು ಜಾರಿ ಕೆಳಗೆ ಬಿತ್ತು, ಬಗ್ಗಲಿಲ್ಲ. ಎಷ್ಟೋ ತಿಂಗಳಿಂದ ನಿಂತಲ್ಲಿ ನಿಲ್ಲದ ಮನುಷ್ಯ, ರೆಪ್ಪೆ ಬಡಿಯಲೂ ಹಿಂಜರಿದು, ಕಂಬದಂತೆ ನೆಟ್ಟಗೆ ಕೂತರು.

ಮಾಸುಮಾಬಿ ಓರೆಗಣ್ಣಿನಿಂದ ಒಮ್ಮೆ ನೋಡಿ, ಹಿಂದಿನ ಸೀಟಿನ ಕಡೆ ಸ್ವಲ್ಪ ವಾಲಿದಳು.

"ನಿಶಾತ್, ನಿಮ್ಮಪ್ಪ ಹೆಂಗ ಕುಂತಾರ ನೋಡಿಕೊ. ನಾಳಿ ಇದರಿಂದನ ಸುರು ಮಾಡೋಣು."