ಹುಳದ ಮೇಷ್ಟ್ರ ಸಕ್ಕರೆ ಪಾಕ

ಹುಳದ ಮೇಷ್ಟ್ರಿಗೆ ಮನೆಯಲ್ಲಿ ಒಂದೇ ಕೊರಗು. ಕೃಷಿ ಕಾಲೇಜಿನಲ್ಲಿ ಅವರು ಹುಳಗಳ ಬಗ್ಗೆ ಹೇಳಿದ್ದನ್ನೆಲ್ಲ ಅರವತ್ತು ವಿದ್ಯಾರ್ಥಿಗಳು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಮಾತ್ರ "ಈ ಹುಳ ಇದೆಯಲ್ಲ" ಎಂದು ಶುರುಮಾಡಿದರೆ ಸಾಕು, ಹೆಂಡತಿಯ ಹೊಲಿಗೆ ಯಂತ್ರ ಗಡಗಡ ಎನ್ನತೊಡಗುತ್ತದೆ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಾದರೂ ಒಂದೇ ಒಂದು ಹುಳದ ಕಥೆ ಕೊನೆ ಮುಟ್ಟಿರಲಿಲ್ಲ.

ಹೀಗಿರುವಾಗ ಅವಳು ಹಿತ್ತಲಿನಲ್ಲಿ ಬೆಳೆಸಿದ ಎಲೆಕೋಸಿಗೆ ಹುಳ ಬಿತ್ತು. ಮೇಷ್ಟ್ರಿಗೆ ಒಳಗೊಳಗೇ ಖುಷಿ (ಹೊರಗೆ ಮುಖ ಸಪ್ಪೆ ಮಾಡಿಕೊಂಡೇ ಇದ್ದರು). ಯಂತ್ರದ ಸದ್ದಿನ ಮೇಲೆ ದನಿಯೇರಿಸಿ ತಮ್ಮ ಮಹಾಯೋಜನೆಯನ್ನು ಮಂಡಿಸಿದರು. ಕೋಸಿನ ಹುಳ ಎಲೆಗಳ ಸಂದಿಯಲ್ಲಿ ಅಡಗಿ ಕೂರುತ್ತದೆ, ಮೇಲಿಂದ ಎಷ್ಟು ಔಷಧಿ ಹೊಡೆದರೂ ತಾಗುವುದಿಲ್ಲ. ಅದಕ್ಕೆ ಇಷ್ಟವಾದ ಸಿಹಿಯಲ್ಲಿ ಚೂರೇ ಚೂರು ಔಷಧಿ ಬೆರೆಸಿದರೆ ತಾನಾಗಿಯೇ ಹೊರಬಂದು ತಿನ್ನುತ್ತದೆ.

ಹೆಂಡತಿ ಯಂತ್ರ ನಿಲ್ಲಿಸಿ ಒಂದು ಷರತ್ತು ಹಾಕಿದಳು. ಮೇಷ್ಟ್ರ ರಕ್ತದಲ್ಲಿ ಸಕ್ಕರೆ ಗಡಿಯಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ್ದರು, ತಿಂಗಳ ಕೊನೆಗೆ ಮತ್ತೆ ಪರೀಕ್ಷೆಯಿತ್ತು. ಅಲ್ಲಿಯವರೆಗೆ ಸಿಹಿ ಮುಟ್ಟಕೂಡದು, ದಿನಾ ಮುಕ್ಕಾಲು ಗಂಟೆ ನಡೆಯಬೇಕು. ಒಪ್ಪಿದರೆ ಕೋಸಿನ ಪಾತಿ ಅವರದು. ಮೇಷ್ಟ್ರು ಹಿಂದೆಮುಂದೆ ನೋಡದೆ ಒಪ್ಪಿಕೊಂಡರು.

ಆದರೆ ಹುಳಕ್ಕೆ ಎಷ್ಟು ಸಿಹಿ ಹಿಡಿಸುತ್ತದೆ? ಹುಳವನ್ನು ಕೇಳುವಂತಿಲ್ಲ. ಮೇಷ್ಟ್ರು ಆರು ಲೋಟಗಳಲ್ಲಿ ಆರು ಬಗೆಯ ಪಾಕ ಮಾಡಿ, ಔಷಧಿ ಬೆರೆಸುವ ಮೊದಲು ದಿನಾ ಒಂದೊಂದರಿಂದ ಎರಡೆರಡು ಚಮಚ ರುಚಿ ನೋಡತೊಡಗಿದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ರುಚಿ ಮರೆತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಇದು ತಿನ್ನುವುದಲ್ಲ, ಸಂಶೋಧನೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಡಿಗೆ ಗೇಟಿನವರೆಗೆ ಹೋಗಿ ಮುಗಿಯುತ್ತಿತ್ತು.

ತಿಂಗಳ ಕೊನೆಗೆ ಕೋಸಿನಲ್ಲಿ ಒಂದು ಹುಳವೂ ಉಳಿದಿರಲಿಲ್ಲ. ಮೇಷ್ಟ್ರ ಸಕ್ಕರೆ ಮಾತ್ರ ಗಡಿ ದಾಟಿ ಬಹುದೂರ ಹೋಗಿತ್ತು. ಏನು ತಿಂತೀರಿ ಎಂದು ಡಾಕ್ಟರು ಕೇಳಿದಾಗ ಮೇಷ್ಟ್ರು ಪಾಕವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪಟ್ಟಿ ಮಾಡಿದರು. ಹೆಂಡತಿ ಮನೆಗೆ ಬಂದು ಖಾಲಿ ಸಕ್ಕರೆ ಡಬ್ಬಿಯನ್ನು ಅವರ ಮುಂದಿಟ್ಟಳು.

"ಇಷ್ಟೂ ಸಕ್ಕರೆ ಹುಳಗಳೇ ತಿಂದವಾ?"

ಬಯ್ದಿದ್ದರೆ ಮೇಷ್ಟ್ರು ಏನಾದರೂ ವಾದ ಹೂಡುತ್ತಿದ್ದರು. ಆದರೆ ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ನಾಳೆಯಿಂದ ನಡೆಯುತ್ತೇನೆಂದು ಮೇಷ್ಟ್ರು ಮಾತು ಕೊಟ್ಟರು, ಮೂರು ದಿನ ನಡೆದರು ಕೂಡ. ನಾಲ್ಕನೆಯ ದಿನ ಮಂಡಿನೋವು, ಐದನೆಯ ದಿನ ಮೀಟಿಂಗು.

ಆರನೆಯ ದಿನ ಸಂಜೆ ಹೆಂಡತಿ ಯಂತ್ರಕ್ಕೆ ಬಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಳು.

"ರೀ, ಆ ಕೋಸಿನ ಹುಳಕ್ಕೆ ಕೋಸು ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?"

ಮೇಷ್ಟ್ರು ಕಿವಿಯನ್ನು ನಂಬದೆ ಹೊರಗೆ ಬಂದರು. ಅವರು ಹೇಳತೊಡಗಿದಂತೆ ಅವಳು ಮುಂದೆ ಮುಂದೆ ನಡೆದಳು. ಕೇಳಿಸಬೇಕಾದರೆ ಜೊತೆಗೆ ನಡೆಯಲೇಬೇಕು. ಅಂಚೆ ಕಚೇರಿ ದಾಟಿತು, ನೀರಿನ ಟ್ಯಾಂಕು ದಾಟಿತು. ಚಿಟ್ಟೆ ವಾಸನೆ ಹಿಡಿದು ಬಂದು, ಮೊಟ್ಟೆಯಿಟ್ಟು, ಮರಿ ಹುಳಕ್ಕೆ ರೆಕ್ಕೆ ಬಂದು ಹಾರಿಹೋಗುವವರೆಗೆ ಕಥೆ ಮೊದಲ ಬಾರಿಗೆ ಕೊನೆ ಮುಟ್ಟಿತು. ಮನೆಗೆ ಬಂದು ಗಡಿಯಾರ ನೋಡಿದರೆ ಐವತ್ತು ನಿಮಿಷವಾಗಿತ್ತು. ಮಂಡಿಯ ನೆನಪೇ ಆಗಿರಲಿಲ್ಲ.

ಪಾಠ ಹೇಳುವ ಮೇಷ್ಟ್ರಿಗೆ ಪಾಠ ತಲೆಗೆ ಹತ್ತಲು ಒಂದು ವಾರ ಹಿಡಿಯಿತು. ಸಂಜೆ ಬೂಟು ಹಾಕಿಕೊಳ್ಳುತ್ತಿದ್ದವರು ತಟಕ್ಕನೆ ತಲೆಯೆತ್ತಿದರು.

"ನನಗೇ ಪಾಕ ಹಾಕಿದ್ಯಲ್ಲೇ?"

"ಔಷಧಿ ಚೂರೇ ಚೂರು ಬೆರೆಸಿದೀನಿ ಕಣ್ರೀ." ಅವಳು ಗೇಟಿನ ಚಿಲಕ ತೆಗೆದಳು. "ಅಲ್ಲ, ಗೊತ್ತಾದ ಮೇಲೆ ಹುಳ ಬರೋದು ನಿಲ್ಲಿಸುತ್ತಾ?"

ಇಷ್ಟು ವರ್ಷ ಅವಳು ಆ ಯಂತ್ರದಲ್ಲಿ ಏನೇನು ಹೊಲಿದಳೆಂದು ತಾವು ಒಂದು ದಿನವೂ ಕೇಳಿರಲಿಲ್ಲ ಎಂಬುದು ಮೇಷ್ಟ್ರಿಗೆ ಆಗ ಹೊಳೆದು ನಾಚಿಕೆಯಾಯಿತು. ದಾರಿಯಲ್ಲಿ ಕೇಳೋಣವೆಂದುಕೊಂಡರು.

"ನಿಲ್ಲಿಸಲ್ಲ" ಎಂದು ಹೇಳಿ, ಇನ್ನೊಂದು ಬೂಟಿನ ಲೇಸು ಕಟ್ಟಿಕೊಂಡು ಎದ್ದರು.