ಮಾವನ ಹದಿನಾರಾಣೆ ಸ್ಟೇಷನ್ನು

ನನ್ನ ಸೋದರಮಾವನಷ್ಟು ಕ್ರಿಕೆಟ್ ಕಾಮೆಂಟರಿ ಹಾಕಿ ಕೂತವರು ಚಳ್ಳಕೆರೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರಷ್ಟು ಕ್ರಿಕೆಟ್ ಗೊತ್ತಿಲ್ಲದವರೂ ಇನ್ನೊಬ್ಬರಿರಲಿಲ್ಲ! ಯಾರು ಗೆದ್ದರೆಂದು ಕೇಳಿದರೆ, "ಗೆಲ್ಲೋದು ಸೋಲೋದು ಇದ್ದಿದ್ದೇ ಬಿಡಲೇ. ದನಿ ಇವತ್ತು ಹನ್ನೆರಡಾಣೆ ಬಂತು ನೋಡು!" ಎನ್ನುತ್ತಿದ್ದರು. ಗೊರಗೊರ ಇಲ್ಲದೆ ಬಂದರೆ ಹದಿನಾರಾಣೆ. ಅದನ್ನು ಮಾತ್ರ ಅವರು ಯಾವ ಸ್ಟೇಷನ್ನಿಗೂ ಕೊಟ್ಟವರಲ್ಲ.

ಕಾಮೆಂಟರಿ ಕೇಳುವವರು ಅತ್ತೆ. ಆಕೆ ಮೊಳಕಾಲ್ಮೂರಿನ ಮಗ್ಗದ ಮನೆಯ ಮಗಳು. ಅಣ್ಣಂದಿರು ಸೀರೆ ನೇಯುತ್ತಾ ಹಚ್ಚಿಡುತ್ತಿದ್ದ ರೇಡಿಯೊ ಕೇಳಿ ಕೇಳಿ ಹಿಂದಿ ಕಾಮೆಂಟರಿಯ ರುಚಿ ಹತ್ತಿತ್ತು. ಮ್ಯಾಚಿನ ದಿನ ಶೇಂಗಾ ಸುಲಿಯುತ್ತಾ ಕೂತು, "ಸರಿಯಾಗಿ ಕೇಳ್ತಿಲ್ಲ ಕಣ್ರೀ" ಎಂದರೆ ಸಾಕು, ಏರಿಯಲ್ ಸರಿಮಾಡಲು ಮಾವ ಮಾಳಿಗೆಯ ಮೇಲೆ!

ಮನೆಯ ಪಕ್ಕ ಎಣ್ಣೆಮಿಲ್ಲು. ಅದರ ಮೋಟಾರು ಶುರುವಾದರೆ ರೇಡಿಯೊ ಬರೀ ಬರ್‍ರ್ ಎನ್ನುತ್ತಿತ್ತು. ಮಾವ ಬೇವಿನ ಮರಕ್ಕೆ ತಾಮ್ರದ ತಂತಿ ಕಟ್ಟಿದರು. ಹಿತ್ತಿಲಲ್ಲಿ ಕಬ್ಬಿಣದ ಸರಳು ಹೂಳಿ ಅರ್ಥಿಂಗ್ ಕೊಟ್ಟರು. ಟಾಸಿಗೆ ಮುಂಚೆ ಆ ಸರಳಿನ ಬುಡಕ್ಕೆ ಒಂದು ಕೊಡ ನೀರು! "ನೆಲ ಒಣಗಿದ್ರೆ ದನೀನೂ ಒಣಗ್ತೈತೆ" ಎಂಬುದು ಅವರ ಶಾಸ್ತ್ರ. ಕುಡಿಯುವ ನೀರಿಗೇ ತತ್ವಾರವಿದ್ದ ಊರಿನಲ್ಲಿ ತುಳಸಿಗೆ ಚೊಂಬು, ಸರಳಿಗೆ ಕೊಡ! ಸಾಲದ್ದಕ್ಕೆ ಸ್ಟೇಷನ್ನಿಗೆ ಕಾರ್ಡು ಬೇರೆ: "ಮಾನ್ಯರೇ, ನಿನ್ನೆ ನಿಮ್ಮ ದನಿ ಒಂಬತ್ತಾಣೆ ಬಂತು. ಉಳಿದ ಏಳಾಣೆ ದಾರಿಯಲ್ಲಿ ಎಲ್ಲಿ ಹೋಯಿತು?" ಉತ್ತರ ಬರುತ್ತದೆಯೇ? ಬಂದಿದ್ದರೆ ಅದಕ್ಕೂ ಆಣೆ ಲೆಕ್ಕ ಹಾಕುತ್ತಿದ್ದರು.

ಒಮ್ಮೆ ಮೂವರೂ ಮೊಳಕಾಲ್ಮೂರಿನ ಬಸ್ಸಿನಲ್ಲಿದ್ದೆವು. ಮಾವನ ತೊಡೆಯ ಮೇಲೆ ರೇಡಿಯೊ, ಅದರಲ್ಲಿ ಕೊನೆಯ ಓವರು. ಅತ್ತೆಯ ಮುಖ ಸಪ್ಪಗಾದದ್ದು ಕಂಡು ಮಾವ ಎದ್ದು ಹೋದರು. "ಡ್ರೈವರ್ರೇ, ಒಂದೈದು ನಿಮಿಷ ಇಂಜಿನ್ ಆಫ್ ಮಾಡ್ರಿ, ಪುಣ್ಯ ಬರ್ತೈತೆ!" ಡ್ರೈವರಿಗೂ ಅದೇ ಹುಚ್ಚು ಇರಬೇಕೆ! ಬಸ್ಸು ಬಟಾಬಯಲಿನಲ್ಲಿ ನಿಂತಿತು. ನಾವು ಗೆದ್ದೆವು, ಬಸ್ಸಿಗೆ ಬಸ್ಸೇ ಕೂಗಿತು. ಅತ್ತೆ ಮಾತ್ರ ನನ್ನನ್ನು, "ಏನಾತು?" ಎಂದು ಕೇಳಿದರು. ಮಾವ ರೇಡಿಯೊದ ಬೆನ್ನಿಗೊಂದು ಗುದ್ದಿ, "ಥೂ, ಎಂಟಾಣೆ!" ಎಂದರು.

ಮರುದಿನ ಪೇಟೆಯ ರಿಪೇರಿ ಸಾಬರ ಅಂಗಡಿಗೆ ಮಾವನ ಜೊತೆ ಹೋದೆ. ಸಾಬರು ಸೆಟ್ಟು ಬಿಚ್ಚಿ ನೋಡಿ, "ಅರೆ ಭಾಯ್, ಇದು ಹದಿನಾರಾಣೆ ಐತೆ. ಮೂರು ಸಲ ತಂದ್ರಿ, ಮೂರು ಸಲಾನೂ ಇದನ್ನೇ ಹೇಳೀನಿ" ಎಂದರು. ಮಾವ ತಲೆಯಾಡಿಸಿ, "ಅದಿರ್ಲಿ, ಚೌಕಾ ಅಂದ್ರೆ ನಾಕು. ಛಕ್ಕಾ ಅಂದ್ರೆ ಎಷ್ಟು ಅಂದ್ರಿ?" ಎಂದು ಕೇಳಿದರು. ಇದೇನು ಹೊಸ ಹುಚ್ಚು?

ದಾರಿಯಲ್ಲಿ ಕೇಳಿಯೇಬಿಟ್ಟೆ. "ಸೆಟ್ಟು ಸರಿ ಇದ್ರೆ ತಂತಿ, ನೀರು, ಕಾರ್ಡು ಎಲ್ಲಾ ಯಾಕೆ ಮಾವ?"

ಮಾವ ನಿಂತರು. "ನನಗೆ ಗೊತ್ತಿಲ್ವೇನಲೇ? ಆಕೆ ಕಿವಿ ಹೋಗ್ತಾ ಐತೆ. ಸರಿಹೋಗಲ್ಲ ಅಂತ ಡಾಕ್ಟ್ರು ನನ್ನೊಬ್ಬನ್ನೇ ಕರೆದು ಹೇಳಿದ್ರು. ಅದನ್ನ ಹೇಳಿದ್ರೆ ಆಕೆ ರೇಡಿಯೊ ಮುಂದೆ ಕೂರೋದೇ ಬಿಡ್ತಾಳೆ. ಸ್ಟೇಷನ್ ಸರಿ ಇಲ್ಲ ಅಂದ್ರೆ ಯಾರಿಗೆ ನೋವು ಹೇಳು?"

ಇಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮುಂದಿನ ಮ್ಯಾಚಿಗೆ ಮಾವ ಮಾಳಿಗೆ ಹತ್ತಲಿಲ್ಲ. "ಸ್ಟೇಷನ್ ವೀಕ್ ಐತೆ, ನಾನೇ ಹೇಳ್ತೀನಿ ತಡಿ" ಎಂದು ಒಂದು ಕಿವಿ ರೇಡಿಯೊಕ್ಕೆ ಕೊಟ್ಟು, ಬಾಯಿ ಅತ್ತೆಯ ಕಿವಿಗೆ ಹಚ್ಚಿ ಕೂತರು. ಯಾರೋ ಔಟಾದರೆ "ಛಕ್ಕಾ! ಪೆವಿಲಿಯನ್ನಿಗೆ ಹೋದ!" ಎಂದು ಕೂಗಿದರು. "ಛಕ್ಕಾ ಹೊಡೆದೋನು ಪೆವಿಲಿಯನ್ನಿಗೆ ಯಾಕ್ರೀ ಹೋದ?" ಎಂದು ಅತ್ತೆ ಬೈದರು. ಹಾಗೂ ಹೀಗೂ ಮ್ಯಾಚು ಮುಗಿಯಿತು. ಅತ್ತೆ ಮಡಿಲಿನ ಸಿಪ್ಪೆ ಕೊಡವಿ ನಕ್ಕರು.

"ಇವತ್ತು ಹದಿನಾರಾಣೆ ಕೇಳ್ತು ಕಣ್ರೀ!"

ಮಾವ ಎದ್ದು ಹಿತ್ತಿಲಿಗೆ ಹೋಗಿ, ಸರಳಿನ ಬುಡಕ್ಕೆ ಇನ್ನೊಂದು ಕೊಡ ನೀರು ಸುರಿದರು.